ಕೈಯಲ್ಲಿದ್ದೂ ಕಾಡದ ಫೋನು

2017ರಲ್ಲಿ ಅಮೆರಿಕದಲ್ಲಿ ಒಂದು ಪುಟ್ಟ ಫೋನ್ ಜನರ ಕೈಸೇರಿತು. ಎಟಿಎಂ ಕಾರ್ಡಿನಷ್ಟೇ ಉದ್ದಗಲ. ಕರೆ ಮಾಡಬಹುದು, ಬಂದ ಕರೆಗೆ ಮಾತಾಡಬಹುದು. ಅಷ್ಟೇ. ಅದರ ಹೆಸರು ಲೈಟ್ ಫೋನ್. ರೂಪಿಸಿದವರು ಜೋ ಹಾಲಿಯರ್ ಮತ್ತು ಕೈವೇ ಟ್ಯಾಂಗ್. ನ್ಯೂಯಾರ್ಕಿನಲ್ಲಿ ಗೂಗಲ್ ನಡೆಸುತ್ತಿದ್ದ ತರಬೇತಿಯೊಂದರಲ್ಲಿ ಪರಿಚಯವಾದ ಇವರಿಗೆ, ಜನರ ಕೈಗೆ ಇನ್ನೊಂದು ಆ್ಯಪ್ ಕೊಡುವುದೇ ಬೇಡವೆನಿಸಿತ್ತು.

2019ರ ಎರಡನೇ ಮಾದರಿಗೆ ಮೆಸೇಜು, ಅಲಾರಂ ಸೇರಿದವು. ಪರದೆ ಮಾತ್ರ ಕಿಂಡಲ್‌ನಂಥ ಕಪ್ಪು-ಬಿಳುಪು ಇ-ಇಂಕ್. ಟೈಪ್ ಮಾಡಿದರೆ ಅಕ್ಷರ ತುಸು ತಡವಾಗಿ ಮೂಡುತ್ತದೆ. ಹಿಂದಿನ ಪುಟದ ಮಸುಕು ಗುರುತು ಕೆಲವೊಮ್ಮೆ ಹಾಗೇ ಉಳಿದಿರುತ್ತದೆ. 'ಬಸ್ ಹತ್ತಿದೆ, ಊಟಕ್ಕೆ ಬರ್ತೀನಿ' ಎಂದು ಬರೆದು ಕಳಿಸಿ ಜೇಬಿಗಿಡಲು ಅಡ್ಡಿಯಿಲ್ಲ. ಸುಮ್ಮನೆ ಬೆರಳಾಡಿಸುತ್ತ ಕೂರಲು ಅಲ್ಲಿ ಏನೂ ಇಲ್ಲ. 2025ರ ಮೂರನೇ ಮಾದರಿಗೆ ಕ್ಯಾಮೆರಾ ಬಂತು. ಸೋಷಿಯಲ್ ಮೀಡಿಯಾ, ಇಮೇಲ್, ಬ್ರೌಸರ್ ಕೊಡುವುದಿಲ್ಲವೆಂಬ ಪಟ್ಟು ಸಡಿಲಲಿಲ್ಲ.

ಇಷ್ಟೊಂದು ಕಟ್ಟುಪಾಡು ಏಕೆ, ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದೇ?

ಸಾಲದು. ಮೊದಲೆಲ್ಲ ಅಂತರಜಾಲದ ಪುಟಕ್ಕೊಂದು ಕೊನೆಯಿರುತ್ತಿತ್ತು. ಮುಂದಿನದು ಬೇಕಾದರೆ ಬಟನ್ ಒತ್ತಬೇಕಿತ್ತು. ಒತ್ತುವ ಮುನ್ನ 'ಸಾಕು' ಅನ್ನಿಸುವುದಕ್ಕೆ ಒಂದು ಗಳಿಗೆ ಸಿಗುತ್ತಿತ್ತು. ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರರು 2006ರಲ್ಲಿ ರೂಪಿಸಿದ ಕೊನೆಯಿಲ್ಲದ ಸ್ಕ್ರೋಲ್ ಆ ಗಳಿಗೆಯನ್ನೇ ಕಿತ್ತುಕೊಂಡಿತು. ಮುಂದೆ ಅವರೇ ಇದಕ್ಕಾಗಿ ಬಹಿರಂಗವಾಗಿ ಪರಿತಪಿಸಿದರು. ನುರಿತವರು ಕೂತು ಹೆಣೆದ ಬಲೆಗೆ ಬಿದ್ದ ಹುಡುಗನನ್ನು ಚಂಚಲನೆಂದು ಜರೆಯುವುದು ಅನ್ಯಾಯ.

ಫೋನ್ ಎಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 800 ಮಂದಿಯನ್ನು ಪರೀಕ್ಷಿಸಿದರು. ಫೋನನ್ನು ಬೇರೆ ಕೋಣೆಯಲ್ಲಿಟ್ಟವರು, ಸದ್ದಡಗಿಸಿ ಮೇಜಿನ ಮೇಲಿಟ್ಟುಕೊಂಡವರಿಗಿಂತ ಆ ಪರೀಕ್ಷೆಯನ್ನು ಚೆನ್ನಾಗಿ ಮಾಡಿದರು. ನಂತರದ ಎಲ್ಲ ಅಧ್ಯಯನಗಳಲ್ಲೂ ಇದೇ ಫಲ ಬಂದಿಲ್ಲ ಎಂಬುದನ್ನೂ ಹೇಳಬೇಕು.

ಒಬ್ಬರೇ ಹೆಣಗುವ ಬದಲು ಊರಿಗೆ ಊರೇ ಕೈಜೋಡಿಸಿದ್ದೂ ಉಂಟು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಿಂದ ಸಂಜೆ 7ಕ್ಕೆ ಸೈರನ್ ಕೂಗಿದರೆ ಟಿವಿ, ಮೊಬೈಲ್ ಬಂದ್. ಒಂದೂವರೆ ಗಂಟೆ ಮಕ್ಕಳು ಓದುತ್ತಾರೆ, ದೊಡ್ಡವರು ಕೂತು ಮಾತಾಡುತ್ತಾರೆ. ಗಡಿಯೀಚೆ ಬೆಳಗಾವಿ ಬಳಿಯ ಹಲಗಾ ಗ್ರಾಮವೂ ಇಂಥದೇ ಪ್ರಯತ್ನಕ್ಕೆ ಕೈಹಾಕಿತು.

ನಮ್ಮಲ್ಲಿ ಸ್ಮಾರ್ಟ್‌ಫೋನ್ ಪೂರ್ತಿ ಬಿಡುವುದು ಸುಲಭವಲ್ಲ. ತರಕಾರಿ ಗಾಡಿಯಲ್ಲೂ ಕ್ಯೂಆರ್ ಕೋಡ್, ಮಕ್ಕಳ ಹೋಂವರ್ಕ್ ವಾಟ್ಸ್‌ಆ್ಯಪ್‌ನಲ್ಲಿ. ಕೀಪ್ಯಾಡ್ ಫೋನಿನಿಂದಲೂ ಹಣ ಕಳಿಸಲು ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಜಾರಿಗೆ ತಂದಿದೆ, ಬಳಸಿ ನೋಡಬಹುದು. ಇರುವ ಫೋನನ್ನೇ ಪಳಗಿಸುವವರು ನೋಟಿಫಿಕೇಶನ್ ನಿಲ್ಲಿಸಿ, ಪರದೆಯನ್ನು ಕಪ್ಪು-ಬಿಳುಪಿಗೆ ತಿರುಗಿಸಬಹುದು. ರಾತ್ರಿ ಚಾರ್ಜಿಗೆ ಹಾಲ್‌ನಲ್ಲಿಟ್ಟು, ಏಳುವುದಕ್ಕೊಂದು ಅಲಾರಂ ಗಡಿಯಾರ ಕೊಂಡರೆ ಇನ್ನೂ ಮೇಲು. ಇಷ್ಟಾದರೂ ಓದು, ನಿದ್ದೆ ಕೆಡುತ್ತಲೇ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಕ್ಲಿನಿಕ್ ನಡೆಯುತ್ತಿದೆ. ಮೊಬೈಲ್, ಗೇಮ್‌ಗಳ ಅತಿಬಳಕೆಯಿಂದ ಬಳಲುವವರಿಗೆ ಅಲ್ಲಿ ಚಿಕಿತ್ಸೆ ಸಿಗುತ್ತದೆ.