ನಡೆಯುವ ಮುನ್ನ ಮೆಟ್ಟು ನೋಡಿ

(ಬಟವಾಡಿಯ ನಮ್ಮ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರಿಗೂ ಅವರ ಮನೆಯವರಿಗೂ ಶುಶ್ರೂಷಾ ಶಿಕ್ಷಕಿಯವರು ನೀಡಿದ ಆರೋಗ್ಯ ತಿಳುವಳಿಕೆ ಭಾಷಣ)



ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ಚುರುಕಾಗಿ ನಡೆಯಿರಿ ಎಂದು ವೈದ್ಯರು ಹೇಳುತ್ತಾರೆ. ಸಕ್ಕರೆ ಹತೋಟಿಗೆ ಅದು ಒಳ್ಳೆಯದೇ. ಆದರೆ ಏನು ಮೆಟ್ಟಿಕೊಂಡು ನಡೆಯಬೇಕು ಎಂದು ಕೇಳುವವರು ಕಡಿಮೆ. ಮಗ ಬಿಟ್ಟ ಹಳೆಯ ಶೂ, ಇಲ್ಲವೇ ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಹೊರಟುಬಿಡುತ್ತಾರೆ.

ಸಕ್ಕರೆ ಕಾಯಿಲೆ ಹಳೆಯದಾದಂತೆ ಹಲವರಿಗೆ ಪಾದದ ನರಗಳು ಮಂಕಾಗುತ್ತವೆ. ಜೋಮು ಹಿಡಿದಂತಿರುತ್ತದೆ. ಶೂ ಕಚ್ಚಿದರೂ, ಕಲ್ಲು ಒತ್ತಿದರೂ ನೋವಾಗುವುದಿಲ್ಲ. ಇಂದಿನ ಸಣ್ಣ ಗುಳ್ಳೆ ನಾಳೆ ಹುಣ್ಣಾಗಿ, ಕೀವು ತುಂಬಿ, ಬೆರಳು ತೆಗೆಯುವ ಹಂತಕ್ಕೆ ಹೋಗಬಹುದು. ಆದ್ದರಿಂದ ಶೂ ಕೊಳ್ಳುವಾಗ "ಹಾಕಿಕೊಂಡರೆ ಹಿತವಾಗಿದೆ" ಎಂಬುದೊಂದನ್ನೇ ನಂಬಬೇಡಿ. ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಆರಿಸಿ.

ಓಡುವವರಿಗೆಂದು ಮಾಡಿದ ಮೆತ್ತನೆಯ ಅಟ್ಟೆಯ ಶೂ ನಡೆಯುವವರಿಗೂ ಒಗ್ಗುತ್ತದೆ. ಹಿಮ್ಮಡಿಯ ಮೇಲೂ ಬೆರಳುಗಳ ಬುಡದ ಮೇಲೂ ಬೀಳುವ ಭಾರವನ್ನು ಅದು ಇಡೀ ಪಾದಕ್ಕೆ ಹಂಚುತ್ತದೆ. ಕೊಳ್ಳುವಾಗ ಇಷ್ಟು ಗಮನಿಸಿ:

1. ಸಂಜೆ ಹೊತ್ತು ಅಂಗಡಿಗೆ ಹೋಗಿ. ಆ ವೇಳೆಗೆ ಪಾದ ಸ್ವಲ್ಪ ಊದಿರುತ್ತದೆ.

2. ಮನೆಯಲ್ಲೇ ರಟ್ಟಿನ ಮೇಲೆ ನಿಂತು ಎರಡೂ ಪಾದಗಳ ಸುತ್ತ ಗೆರೆ ಎಳೆಸಿ ಕತ್ತರಿಸಿಕೊಳ್ಳಿ. ಶೂ ಒಳಗಿನ ಮೆತ್ತೆಯನ್ನು ಹೊರತೆಗೆದು ಅದರ ಮೇಲೆ ಈ ರಟ್ಟನ್ನಿಡಿ. ರಟ್ಟು ಅಂಚಿನಿಂದ ಹೊರಗೆ ಬಂದರೆ ಆ ಶೂ ಬೇಡ.

3. ಕಾಲುಚೀಲ ಹಾಕಿಯೇ ಶೂ ಹಾಕಿ ನೋಡಿ. ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗವಿರಲಿ. ಹಿಮ್ಮಡಿ ಜಾರಬಾರದು.

4. ಅಟ್ಟೆ ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವೆ ಮಡಚಿಕೊಳ್ಳಬಾರದು. ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುವ, ಸ್ಪಂಜಿನಂತೆ ಕುಸಿಯುವ ಅಟ್ಟೆ ಬೇಡ; ಪಾದ ಓಲಾಡುತ್ತದೆ.

5. ಒಳಗೆ ಕೈ ಹಾಕಿ ಸವರಿ. ಹೊಲಿಗೆಯ ಗಂಟು ಕೈಗೆ ತಾಗಿದರೆ ಬೇರೆ ಜೋಡಿ ಕೇಳಿ.

ಬೆಲೆ ಹೆಚ್ಚಾದರೆ ಗುಣ ಹೆಚ್ಚು ಎಂದೇನಿಲ್ಲ. ಅಳತೆ ಮುಖ್ಯ.

ಹೊಸ ಶೂ ಮೊದಲ ದಿನ ಅರ್ಧ ಗಂಟೆ ಮನೆಯಲ್ಲೇ ಹಾಕಿ ಓಡಾಡಿ. ಬಿಚ್ಚಿದ ಮೇಲೆ ಕೆಂಪಗಾದ ಜಾಗ ಅರ್ಧ ಗಂಟೆಯಾದರೂ ಮಾಸದಿದ್ದರೆ ಅಲ್ಲಿ ಒತ್ತುತ್ತಿದೆ ಎಂದರ್ಥ. ಅದನ್ನು ಹಾಕಿಕೊಂಡು ನಡೆಯಬೇಡಿ. ಪ್ರತಿದಿನ ಹಾಕುವ ಮೊದಲು ಶೂ ಕೊಡವಿ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಯವರು ಹೊಲದ ಮುಳ್ಳು, ಚೇಳುಗಳನ್ನು ಮರೆಯಬಾರದು. ದಿನಕ್ಕೆ ಮೂರು ಕಿಲೋಮೀಟರ್ ನಡೆಯುವವರ ಶೂ ಅಟ್ಟೆ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಮೇಲೆ ಹೊಸದಾಗಿ ಕಂಡರೂ ಬದಲಿಸಿ.

ಪಾದ ಪೂರ್ತಿ ಜೋಮಾದವರಿಗೆ, ಹುಣ್ಣು ಆದವರಿಗೆ ಅಂಗಡಿಯ ಶೂ ಸಾಲದು. 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ನಡುವೆ ದುಡಿದು, ನೋವು ತಿಳಿಯದಿರುವುದೇ ಹುಣ್ಣಿಗೆ ದಾರಿ ಎಂದು ತೋರಿಸಿಕೊಟ್ಟರು. ಅಂಥ ಪಾದಗಳಿಗೆ ಬಳಕೆಗೆ ಬಂದ ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿ ಇಂದು ಸಕ್ಕರೆ ಕಾಯಿಲೆಯವರಿಗೂ ಆಸರೆ. ಹಿಮ್ಮಡಿಗೆ ಪಟ್ಟಿ ಇರುವುದನ್ನು ವೈದ್ಯರ ಸಲಹೆಯಂತೆ ಮಾಡಿಸಿಕೊಳ್ಳಿ. ಹುಣ್ಣು ಇರುವಾಗ ವೈದ್ಯರನ್ನು ಕೇಳದೆ ನಡಿಗೆ ಬೇಡ.

ಸಿದ್ಧಗಂಗೆಯ ಬೆಟ್ಟ ಹತ್ತುವಾಗ ಬರಿಗಾಲಲ್ಲಿ ಹೋಗುವುದು ನಮ್ಮ ಭಕ್ತಿ. ಬಿಸಿಲೇರುವ ಮೊದಲೇ ಹೋಗಿ ಬನ್ನಿ. ಕಾದ ಕಲ್ಲು ಸುಟ್ಟರೂ ಜೋಮು ಹಿಡಿದ ಪಾದಕ್ಕೆ ತಿಳಿಯುವುದಿಲ್ಲ. ಪಾದ ಪೂರ್ತಿ ಜೋಮಾದವರು ಕೆಳಗಿನಿಂದಲೇ ಕೈಮುಗಿಯಿರಿ.

ಜೊತೆಗೆ ಬಂದಿರುವ ಮನೆಯವರಿಗೆ ಒಂದು ಮಾತು. ಶರಣ ಹರಳಯ್ಯ ದಂಪತಿಗಳು ಬಸವಣ್ಣನವರಿಗಾಗಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದ ಕಥೆ ತಾವೆಲ್ಲ ಕೇಳಿದ್ದೀರಿ. ನಮ್ಮಿಂದ ಅಷ್ಟು ಆಗದು. ರಾತ್ರಿ ಮಲಗುವ ಮುನ್ನ ಹಿರಿಯರ ಅಂಗಾಲು, ಬೆರಳ ಸಂದು, ಹಿಮ್ಮಡಿಗಳನ್ನು ದೀಪದ ಬೆಳಕಿನಲ್ಲಿ ನೋಡುವುದು ಆದೀತು. ಗುಳ್ಳೆ, ಬಿರುಕು, ಬಣ್ಣ ಬದಲಾದದ್ದು ಕಂಡರೆ ಮನೆಮದ್ದು ಹಚ್ಚಿ ಕಾಯಬೇಡಿ. ಮರುದಿನವೇ ಆಸ್ಪತ್ರೆಗೆ ಕರೆತನ್ನಿ.