ಬೂಷ್ಟು: ಕಾಣುವ ಭಾಗ, ಕಾಣದ ಭಾಗ



ಮಳೆಗಾಲದಲ್ಲಿ ಬ್ರೆಡ್ಡಿನ ಮೇಲೆ ಹಸಿರು ಬೂಷ್ಟು ಕಾಣಿಸಿಕೊಂಡರೆ ಅಷ್ಟನ್ನು ಮಾತ್ರ ಕಿತ್ತೆಸೆದು ಉಳಿದುದನ್ನು ತಿನ್ನುವುದು ಅನೇಕ ಮನೆಗಳ ರೂಢಿ. ಶಿಲೀಂಧ್ರದ ಜೀವನಕ್ರಮವನ್ನು ಬಲ್ಲವರು ಹಾಗೆ ಮಾಡಲಾರರು.

ಬೂಷ್ಟು, ಅಣಬೆ, ಯೀಸ್ಟ್ ಇವೆಲ್ಲವೂ ಶಿಲೀಂಧ್ರಗಳೇ. ಬಹುಕಾಲ ಇವುಗಳನ್ನು ಸಸ್ಯಗಳೆಂದೇ ಗಣಿಸಲಾಗಿತ್ತು. ಆದರೆ ಇವುಗಳಲ್ಲಿ ಪತ್ರಹರಿತ್ತಿಲ್ಲ. ಬಿಸಿಲಿನ ನೆರವಿನಿಂದ ಆಹಾರವನ್ನು ತಯಾರಿಸಿಕೊಳ್ಳುವ ಶಕ್ತಿಯೂ ಇಲ್ಲ. ಇವುಗಳ ಕೋಶಭಿತ್ತಿಯಲ್ಲಿರುವ ಕೈಟಿನ್ ಎಂಬ ವಸ್ತುವೇ ಏಡಿಯ ಚಿಪ್ಪಿನಲ್ಲಿಯೂ ಇದೆ. 1969ರಲ್ಲಿ ವಿಟೇಕರ್ ಎಂಬ ವಿಜ್ಞಾನಿ ಜೀವಜಗತ್ತನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಸ್ವತಂತ್ರ ಸ್ಥಾನ ದೊರೆಯಿತು.

ಇವುಗಳ ಊಟದ ರೀತಿಯೇ ವಿಲಕ್ಷಣ. ಪ್ರಾಣಿಗಳು ಆಹಾರವನ್ನು ಒಳಗೆ ತೆಗೆದುಕೊಂಡು ಅನಂತರ ಜೀರ್ಣಿಸಿಕೊಳ್ಳುತ್ತವೆ. ಶಿಲೀಂಧ್ರವಾದರೋ ಕಿಣ್ವಗಳನ್ನು ಹೊರಕ್ಕೆ ಸ್ರವಿಸಿ, ಆಹಾರವನ್ನು ಅದಿರುವಲ್ಲಿಯೇ ಕರಗಿಸಿ, ಬಳಿಕ ಹೀರಿಕೊಳ್ಳುತ್ತದೆ. ಇದಕ್ಕಾಗಿ ಬೂಷ್ಟಿನ ಕೂದಲಿಗಿಂತ ತೆಳುವಾದ ತಂತುಗಳು ಪದಾರ್ಥದ ಒಳಗೆ ಜಾಲದಂತೆ ಹಬ್ಬಿರುತ್ತವೆ. ಮೇಲೆ ಕಾಣುವ ಹಸಿರು ಪುಡಿ ಗಾಳಿಯಲ್ಲಿ ಹಾರಿಹೋಗಲು ಸಿದ್ಧವಾದ ಬೀಜಕಗಳ ರಾಶಿ. ಅಷ್ಟು ಹೊತ್ತಿಗೆ ಒಳಗಿನ ಬೆಳವಣಿಗೆ ಸಾಕಷ್ಟು ಮುಂದುವರಿದಿರುತ್ತದೆ. ಕಾಡಿನ ಅಣಬೆಯೂ ಹೀಗೆಯೇ: ಕೊಡೆ ಮೇಲೆ, ಜೀವದ ಬಹುಭಾಗ ನೆಲದೊಳಗೆ.

ಎಲ್ಲ ಶಿಲೀಂಧ್ರಗಳೂ ಕೆಡುಕಲ್ಲ. ಪೆನಿಸಿಲಿನ್ ದೊರೆತದ್ದು ಬೂಷ್ಟಿನಿಂದಲೇ. ಉದುರಿದ ಎಲೆ, ಬಿದ್ದ ಮರ ಮಣ್ಣಾಗುವುದರಲ್ಲಿ ಇವುಗಳ ಪಾತ್ರ ದೊಡ್ಡದು. ಆದರೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ಬಗೆಗೆ ಎಚ್ಚರ ಅಗತ್ಯ. ತೇವ ಉಳಿದ ಶೇಂಗಾ, ಮೆಕ್ಕೆಜೋಳಗಳಲ್ಲಿ ಇದು ಬೆಳೆದು, ಯಕೃತ್ತನ್ನು ಕೆಡಿಸುವ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತ್‌ನ ಬುಡಕಟ್ಟು ಪ್ರದೇಶಗಳಲ್ಲಿ ಅಕಾಲದ ಮಳೆಗೆ ನೆನೆದ ಮೆಕ್ಕೆಜೋಳಕ್ಕೆ ಈ ಬೂಷ್ಟು ತಗುಲಿತು. ಬೇರೆ ಧಾನ್ಯವಿಲ್ಲದ ಬಡವರು ಅದನ್ನೇ ಉಂಡರು. ಕಾಮಾಲೆಯಿಂದ ನರಳಿದ 397 ಮಂದಿಯಲ್ಲಿ 106 ಮಂದಿ ಮೃತಪಟ್ಟರು. ಅದೇ ಆಹಾರವನ್ನು ತಿಂದ ಮನೆಯ ನಾಯಿಗಳೂ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ತನಿಖೆ ನಡೆಸಿ ಈ ವಿಷವನ್ನು ಗುರುತಿಸಿದರು.

ಸಾಮಾನ್ಯ ಅಡುಗೆಯ ಬಿಸಿಗೆ ಬೂಷ್ಟು ಸಾಯಬಹುದು, ಅಫ್ಲಾಟಾಕ್ಸಿನ್ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಆದುದರಿಂದ ಕಾಳನ್ನು ಚೆನ್ನಾಗಿ ಒಣಗಿಸಿ, ತೇವ ತಗುಲದ ಡಬ್ಬಿಯಲ್ಲಿ ಇಡಬೇಕು. ಬೂಷ್ಟು ಹಿಡಿದ, ಬಣ್ಣಗೆಟ್ಟ, ಸುಕ್ಕುಗಟ್ಟಿದ ಶೇಂಗಾವನ್ನು ಆರಿಸಿ ತೆಗೆಯಬೇಕು. ಅದನ್ನು ದನಕರುಗಳಿಗೂ ಹಾಕಬಾರದು, ಏಕೆಂದರೆ ಆ ವಿಷದ ಅಂಶವು ಹಾಲಿನ ಮೂಲಕ ಮತ್ತೆ ಮನೆಯೊಳಗೇ ಬರುತ್ತದೆ.