ಮನೆಯಲ್ಲೂ ಒಂದು ಪ್ರತಿ ಇರಲಿ



ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ಎಷ್ಟೋ ನೇಕಾರ ಮನೆಗಳಲ್ಲಿ ಆಡುವ ಮಾತು ಕನ್ನಡ, ಬರೆಯುವ ಅಕ್ಷರ ತಮಿಳು. ತಮಿಳಿನಲ್ಲಿ ಪಾವು, ಊಡೈ ಎನ್ನುವುದನ್ನು ನಾವು ಹಾಸು, ಹೊಕ್ಕು ಎನ್ನುತ್ತೇವೆ. ಇಲ್ಲಿನ ಕನ್ನಡದ ಇಂಥ ಮಾತುಗಳು ಹಿರಿಯರ ಬಾಯಲ್ಲಿರುವಷ್ಟು ಪುಸ್ತಕಗಳಲ್ಲಿ ಇಲ್ಲ.

ನನ್ನ ಅಕ್ಕನ ಮಗಳು ಇವನ್ನು ಕೂಡಿಸಿ ಇಂಟರ್‌ನೆಟ್ಟಿನಲ್ಲಿ ಒಂದು ವಿಕಿ ಮಾಡಿದಳು. ವಿಕಿ ಎಂದರೆ ಪುಟಕ್ಕೆ ಪುಟ ಕೊಂಡಿ ಹಾಕುತ್ತ, ಬೇಕಾದಾಗ ತಿದ್ದುತ್ತ ಹೋಗುವ ಪುಸ್ತಕ. ಅಜ್ಜಿಯ ಕೈಲಿ ಒಂದೊಂದು ಮಾತನ್ನೂ ಹೇಳಿಸಿ, ಆ ದನಿಯನ್ನೂ ಪುಟಗಳಿಗೆ ಸೇರಿಸಿದಳು. ಜಾಗ ಕೊಟ್ಟಿದ್ದ ಸಂಸ್ಥೆ, ತಾನು ಮುಚ್ಚುವುದಾಗಿ ಮೊದಲೇ ತಿಳಿಸಿತು. ಅವಳು ಪ್ರತಿಯೊಂದನ್ನು ಇಳಿಸಿಕೊಂಡು ನಿಶ್ಚಿಂತಳಾದಳು. ತಿಂಗಳುಗಳ ನಂತರ ತೆರೆದು ನೋಡಿದರೆ ಬರಹವೆಲ್ಲ ಇದೆ, ದನಿ ಒಂದೂ ಇಲ್ಲ. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು.

ಇಂಥ ತಾಣಗಳು ಮುಚ್ಚುವುದು ಹೊಸತಲ್ಲ. ಜಿಯೋಸಿಟೀಸ್ 2009ರಲ್ಲಿ, ಆರ್ಕುಟ್ 2014ರಲ್ಲಿ ನಿಂತವು. ಶಾಲಾ ಶಿಕ್ಷಕರು ಬಹಳವಾಗಿ ಬಳಸುತ್ತಿದ್ದ ವಿಕಿಸ್ಪೇಸಸ್ 2018ರಲ್ಲಿ ಉಚಿತ ವಿಕಿಗಳನ್ನು ನಿಲ್ಲಿಸಿತು.

ದನಿ ಏಕೆ ಬರಲಿಲ್ಲ? ಅನೇಕ ವಿಕಿಗಳಲ್ಲಿ ಬರಹ ಒಂದು ಕಡೆ, ಚಿತ್ರ ಮತ್ತು ಧ್ವನಿಯ ಕಡತಗಳು ಇನ್ನೊಂದು ಕಡೆ ಇರುತ್ತವೆ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿಯಲ್ಲೂ ಹಾಗೆಯೇ. ಅದರ ರಫ್ತು ಪುಟದಿಂದ ಬರಹ ಬರುತ್ತದೆ. ಚಿತ್ರ, ಧ್ವನಿಗಳನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. 2004ರಲ್ಲಿ ಬಂದ ಟಿಡ್ಲಿವಿಕಿಯಲ್ಲಿ ಇಡೀ ವಿಕಿ ಒಂದೇ ಕಡತದಲ್ಲಿರಬಲ್ಲದು. ಅಲ್ಲಿಯೂ ದೊಡ್ಡ ಚಿತ್ರಗಳನ್ನು ಹೊರಗೆ ಇಟ್ಟಿದ್ದರೆ ಅವನ್ನು ಮರೆಯಬಾರದು.

ಸಿರುಮುಗೈಯ ರೇಷ್ಮೆ ಸೀರೆಯ ಅಂಚನ್ನು ನೆನೆಸಿಕೊಳ್ಳಿ. ಅದರ ವಿನ್ಯಾಸ ಇರುವುದು ಜಕಾರ್ಡಿನ ತೂತು ಹೊಡೆದ ರಟ್ಟುಗಳಲ್ಲಿ. ರಟ್ಟು ಹರಿದರೆ, ನೇಯ್ದ ಸೀರೆ ನೋಡಿ ಮತ್ತೆ ಹೊಡೆಯಬಹುದು. ಹೋದವರ ದನಿಯನ್ನು ಯಾವುದನ್ನು ನೋಡಿ ಮತ್ತೆ ತರುವುದು?

ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟು. ಬರಹ, ಚಿತ್ರ, ಧ್ವನಿ ಮೂರನ್ನೂ ಇಳಿಸಿಕೊಳ್ಳಿ. ಕಡತದ ಹೆಸರಿನಲ್ಲಿ ತಾರೀಖು ಹಾಕಿ. ಹಳೆಯ ಪ್ರತಿಯ ಮೇಲೆಯೇ ಹೊಸದನ್ನು ಬರೆಯಬೇಡಿ, ತಪ್ಪು ಹೊಸದರಲ್ಲೇ ಇರಬಹುದು. ಒಂದು ಪ್ರತಿ ಕಂಪ್ಯೂಟರಿನಲ್ಲಿರಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ ನೆಂಟರ ಮನೆಯಲ್ಲಿರಲಿ. ಮಳೆ, ಬೆಂಕಿ, ಕಳ್ಳತನ ಎರಡು ಮನೆಗೂ ಒಟ್ಟಿಗೆ ಬರುವುದು ಅಪರೂಪ. ಕೊನೆಯದಾಗಿ, ಇಂಟರ್‌ನೆಟ್ ಸಂಪರ್ಕ ತೆಗೆದು ಆ ಪ್ರತಿಯನ್ನು ತೆರೆಯಿರಿ. ಒಂದು ಪುಟ ಓದಿ, ಒಂದು ದನಿ ಕೇಳಿ. ಕೇಳಿಸಿದರೆ ಮಾತ್ರ ಅದು ಪ್ರತಿ.

ಅಮಾವಾಸ್ಯೆಗೆ ಮಗ್ಗಕ್ಕೆ ಬಿಡುವು ಕೊಡುವ ಮನೆಗಳಲ್ಲಿ ಆ ದಿನವೇ ಈ ಕೆಲಸವೂ ಆಗಲಿ. ಅರ್ಧ ಗಂಟೆ ಸಾಕು.

ನಮ್ಮ ಮನೆಯಲ್ಲಿ ಈಗ ಪುಟಗಳಿವೆ, ಅಜ್ಜಿಯ ದನಿಯಿಲ್ಲ. ನಿಮ್ಮ ಮನೆಯಲ್ಲಿ ಎರಡೂ ಉಳಿಯಲಿ.